ಮಾನವ ಹಕ್ಕುಗಳ ಪುಸ್ತಕ ಯಾವ ಕಪಾಟಿನಲ್ಲಿದೆ?

ಪ್ರತಿವರ್ಷವೂ ಡಿಸೆಂಬರ್ 10 ಸಮೀಪಿಸುತ್ತಿದ್ದಂತೆ ನಮ್ಮ ಕಾಲೇಜುಗಳ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಹಜಾರಗಳಲ್ಲಿ ಒಂದು ಉದ್ದನೆಯ ಮೇಜು ಪ್ರತ್ಯಕ್ಷವಾಗುತ್ತದೆ. ಅದರ ಮೇಲೆ ಸಂವಿಧಾನದ ಒಂದೆರಡು ಪ್ರತಿಗಳು, ಸ್ಪರ್ಧಾ ಪರೀಕ್ಷೆಗಳ ಅಭ್ಯರ್ಥಿಗಳಿಗೆಂದು ಸಿದ್ಧಪಡಿಸಿದ ನಾಲ್ಕಾರು ಕೈಪಿಡಿಗಳು, 1948ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗೀಕೃತವಾದ ವಿಶ್ವಘೋಷಣೆಯ 30 ವಿಧಿಗಳನ್ನು ಅಚ್ಚುಮಾಡಿದ ಒಂದು ಭಿತ್ತಿಪತ್ರ, ಯಾರೋ ಮಹನೀಯರ ಭಾಷಣಗಳ ಒಂದು ಸಂಪುಟ. ಭಾಷಣವಾಗಿ, ಬಿಸ್ಕತ್ತು ಚಹಾಗಳಾಗಿ, ಮರುದಿನ ಬೆಳಗಾಗುವುದರೊಳಗೆ ಮೇಜು ತನ್ನ ಪೂರ್ವಸ್ಥಾನಕ್ಕೂ ಪುಸ್ತಕಗಳು ತಮ್ಮ ಕಪಾಟಿಗೂ ಮರಳುತ್ತವೆ. ಈ ಪ್ರದರ್ಶನವನ್ನು ನಾನು ಹಾಸ್ಯಮಾಡುತ್ತಿಲ್ಲ. ಇಷ್ಟೂ ಇಲ್ಲದ ಊರುಗಳು ಬಹಳ. ಆದರೆ ಆ ಒಂದು ಮೇಜಿನಲ್ಲಿ ಹಿಡಿಯುವಷ್ಟೇ ಮಾನವ ಹಕ್ಕುಗಳ ಸಾಹಿತ್ಯವೆಂಬ ಭಾವನೆ ನಮ್ಮ ಗ್ರಂಥಪಾಲಕರಲ್ಲಿಯೂ ಅವರಿಗೆ ಹಣವನ್ನು ಮಂಜೂರುಮಾಡತಕ್ಕ ಸಮಿತಿಗಳಲ್ಲಿಯೂ ಬಲವಾಗಿ ಬೇರೂರಿರುವುದರಿಂದ, ಅದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ನನ್ನ ಅಭಿಪ್ರಾಯ ಇದು: ಹೊದಿಕೆಯ ಮೇಲೆ 'ಮಾನವ ಹಕ್ಕು' ಎಂದು ಬರೆದಿರುವ ಪುಸ್ತಕಗಳನ್ನು ಕೂಡಿಹಾಕುವುದರಿಂದ ಮಾನವ ಹಕ್ಕುಗಳ ಅಧ್ಯಯನಕ್ಕೆ ಯೋಗ್ಯವಾದ ಗ್ರಂಥಭಂಡಾರವು ನಿರ್ಮಾಣವಾಗುವುದಿಲ್ಲ, ನಡೆದುಹೋದ ಒಂದು ಅನ್ಯಾಯವನ್ನು ಹಿಡಿದು, ಅದು ಯಾವ ಯಾವ ಶಾಸ್ತ್ರಗಳ ಅಂಗಳವನ್ನು ಹಾದುಹೋಗಿದೆಯೋ ಆ ಎಲ್ಲ ಅಂಗಳಗಳಿಗೂ ಹೋಗಿ ಕಾಗದಪತ್ರಗಳನ್ನು ತಂದು ಒಂದೆಡೆ ಸೇರಿಸಿದಾಗ ಮಾತ್ರ ಅಂಥದು ನಿರ್ಮಾಣವಾಗುತ್ತದೆ. ಹಕ್ಕೆಂಬುದನ್ನು ಕಾನೂನಿನವರು ವಿಧಿಸಂಖ್ಯೆಯಿಂದ ಗುರುತಿಸುತ್ತಾರೆ. ಆದರೆ ಅದು ಭಂಗವಾಗುವುದು ಒಬ್ಬನ ಶ್ವಾಸಕೋಶದಲ್ಲಿ, ಒಬ್ಬಳ ಗರ್ಭದಲ್ಲಿ, ಒಂದು ಹಳ್ಳದ ನೀರಿನಲ್ಲಿ, ಒಂದು ಕೂಲಿಲೆಕ್ಕದ ಪುಸ್ತಕದಲ್ಲಿ. ಆ ಸ್ಥಳಗಳ ವಿದ್ಯೆಗಳು ಬೇರೆ ಬೇರೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ನಮ್ಮ ಕರಾವಳಿಯದೇ ಒಂದು ಪ್ರಕರಣವನ್ನು ತೆಗೆದುಕೊಳ್ಳುತ್ತೇನೆ. ಕಾಸರಗೋಡು ಜಿಲ್ಲೆಯ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ಸೇರಿದ ಗೇರು ತೋಪುಗಳಿವೆ. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲೆಂದು ಆ ತೋಪುಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ಎರಡು ದಶಕಗಳಿಗೂ ಮೀರಿದ ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಮದ್ದನ್ನು ಸಿಂಪಡಿಸಲಾಯಿತು. ಗಡಿಯ ಈಚೆಗೆ ದಕ್ಷಿಣ ಕನ್ನಡದಲ್ಲಿಯೂ ನಮ್ಮದೇ ರಾಜ್ಯದ ಗೇರು ಅಭಿವೃದ್ಧಿ ನಿಗಮವು ತನ್ನ ತೋಪುಗಳ ಮೇಲೆ ಅದೇ ಮದ್ದನ್ನು ಅದೇ ರೀತಿಯಲ್ಲಿ ಬಿಟ್ಟಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರು ಆ ಬಳಿಕ ವರದಿಗಳಲ್ಲಿ ಮತ್ತೆ ಮತ್ತೆ ಬರತೊಡಗಿತು. ಗುಡ್ಡದ ಮೇಲೆ ಬಿದ್ದುದು ಗುಡ್ಡದಲ್ಲಿ ನಿಲ್ಲುವುದೆ? ಇಳಿಜಾರಿನ ಆ ನಾಡಿನಲ್ಲಿ ಮನೆಗಳಿರುವುದು ಗುಡ್ಡದ ಬುಡದಲ್ಲಿ; ಕುಡಿಯುವ ನೀರು ಬರುವುದು ಗುಡ್ಡವನ್ನು ಕೊರೆದ ಸುರಂಗಗಳಿಂದ, ತೆರೆದ ಬಾವಿಗಳಿಂದ, ಹರಿಯುವ ತೋಡುಗಳಿಂದ.

1979ರಷ್ಟು ಹಿಂದೆಯೇ ಪತ್ರಕರ್ತರಾದ ಶ್ರೀಪಡ್ರೆಯವರು, ಅಂಗವಿಕಲವಾಗಿ ಹುಟ್ಟಿದ ಕರುಗಳ ವಿಷಯವನ್ನು ಹಿಡಿದು, ಈ ಸಿಂಪಡಣೆಯತ್ತ ಬೆರಳುತೋರಿಸಿ ಬರೆದರು. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ವೈದ್ಯರಾದ ವೈ.ಎಸ್. ಮೋಹನಕುಮಾರರು ತಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮಜಾತ ಅಂಗವೈಕಲ್ಯ, ಕ್ಯಾನ್ಸರ್ ಇವುಗಳು ಒಂದೇ ತೋಡಿನ ಆಚೀಚೆಯ ಮನೆಗಳಲ್ಲಿ ಗುಂಪುಗೂಡಿರುವುದನ್ನು ಕಂಡು ಸಂಶಯಪಟ್ಟರು, ವೈದ್ಯಕೀಯ ಪತ್ರಿಕೆಗೆ ಬರೆದರು. ಕೃಷಿ ಇಲಾಖೆಯಲ್ಲಿಯೇ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ದಾವೆ ಹೂಡಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಹಾಲು, ಮನುಷ್ಯರಕ್ತಗಳಲ್ಲಿ ವಿಷಶೇಷವನ್ನು ಕಂಡಿತು. ಪತ್ರಿಕಾವರದಿಯನ್ನು ನೋಡಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ತಾನಾಗಿಯೇ ವಿಚಾರಣೆ ಕೈಗೊಂಡು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತನ್ನು ಕೇಳಿದುದರ ಫಲವಾಗಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಇನ್ನೊಂದು ಪಂಚಾಯಿತಿಯ ಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿದರು. 2010ರ ಡಿಸೆಂಬರ್ 31ರಂದು ಅದೇ ಆಯೋಗವು ಮೃತರ ಕುಟುಂಬಗಳಿಗೂ ಹಾಸಿಗೆ ಹಿಡಿದವರಿಗೂ 5 ಲಕ್ಷ, ಉಳಿದವರಿಗೆ 3 ಲಕ್ಷ ರೂಪಾಯಿಗಳ ಪರಿಹಾರವನ್ನು ಶಿಫಾರಸುಮಾಡಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧಪಟ್ಟಿಯಲ್ಲಿ ಮದ್ದಿನ ಹೆಸರು ಸೇರಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಮಧ್ಯಂತರ ನಿಷೇಧವನ್ನು ವಿಧಿಸಿತು. 2017ರ ಜನವರಿಯಲ್ಲಿ 5 ಸಾವಿರಕ್ಕೂ ಮೇಲ್ಪಟ್ಟ ಸಂತ್ರಸ್ತರಿಗೆ ಮೂರು ತಿಂಗಳೊಳಗಾಗಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು.

ಈಗ ಒಬ್ಬ ವಿದ್ಯಾರ್ಥಿನಿ, ಪುತ್ತೂರಿನವಳೋ ಬದಿಯಡ್ಕದವಳೋ, ಈ ವಿಷಯವನ್ನು ಅಧ್ಯಯನಮಾಡಲೆಂದು ಗ್ರಂಥಾಲಯವನ್ನು ಪ್ರವೇಶಿಸಿದಳೆನ್ನೋಣ. ನಮ್ಮಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಡ್ಯೂಯಿಯವರ ದಶಮಾಂಶ ವರ್ಗೀಕರಣದಲ್ಲಿ ಪೌರ ಹಾಗೂ ರಾಜಕೀಯ ಹಕ್ಕುಗಳ ಸಂಖ್ಯೆ 323. ಅಲ್ಲಿಗೆ ಹೋದರೆ ಎಂಡೋಸಲ್ಫಾನಿನ ಸುದ್ದಿಯೇ ಇಲ್ಲ. ಟೀ ಸೊಳ್ಳೆಯೂ ಅದರ ಮದ್ದೂ 632ರಲ್ಲಿ, ಕೃಷಿಕೀಟಗಳ ನಡುವೆ. ವಿಷವು ದೇಹದಲ್ಲಿ ಮಾಡುವ ಕಾರ್ಯ 615ರಲ್ಲಿ, ಔಷಧಶಾಸ್ತ್ರದ ನೆರೆಯಲ್ಲಿ. ಪರಿಸರದ ಕಾನೂನು 344ರಲ್ಲಿ. ಅಂಗವಿಕಲರ ಪಾಲನೆ 362ರಲ್ಲಿ. ಗೇರುಬೀಜದ ಉತ್ಪಾದನೆಯ ಅರ್ಥಶಾಸ್ತ್ರ 338ರಲ್ಲಿ. ಅಂಬಿಕಾಸುತನ್ ಮಾಙಾಡರು ಈ ದುರಂತವನ್ನೇ ವಸ್ತುವಾಗಿ ಮಾಡಿಕೊಂಡು ಬರೆದ 'ಎನ್ಮಕಜೆ' ಕಾದಂಬರಿ, ಗ್ರಂಥಾಲಯದಲ್ಲಿ ಇದ್ದರೆ, 894.812ರಲ್ಲಿ, ಮಲಯಾಳ ಸಾಹಿತ್ಯದ ಸಾಲಿನಲ್ಲಿ. ಒಂದೇ ಹಳ್ಳಿಯ ಒಂದೇ ದುಃಖವು ಆರೇಳು ಕಪಾಟುಗಳಿಗೆ ಹಂಚಿಹೋಗಿದೆ. ಅವುಗಳೊಳಗೆ ಒಂದು ಮತ್ತೊಂದರ ಮುಖವನ್ನು ನೋಡಿಲ್ಲ. ವಿದ್ಯಾರ್ಥಿನಿಯು ರಾಜ್ಯಶಾಸ್ತ್ರದವಳಾದರೆ 615ರತ್ತ ಕಾಲಿಡುವುದಿಲ್ಲ. ವೈದ್ಯಕೀಯದವಳಾದರೆ ಆಯೋಗದ ಶಿಫಾರಸೊಂದಿದೆಯೆಂಬುದೇ ಅವಳಿಗೆ ತಿಳಿಯುವುದಿಲ್ಲ.

ವರ್ಗೀಕರಣವನ್ನು ದೂಷಿಸಿ ಪ್ರಯೋಜನವಿಲ್ಲ. ಒಂದು ಪುಸ್ತಕವು ಒಂದೇ ಸ್ಥಳದಲ್ಲಿ ನಿಲ್ಲಬಲ್ಲದು. ಅದು ಪುಸ್ತಕದ ದೇಹಧರ್ಮ. ಈ ಸಂಕಟವನ್ನು ನಮ್ಮ ದೇಶದಲ್ಲಿ ಯಾರಿಗಿಂತಲೂ ಚೆನ್ನಾಗಿ ಅರಿತಿದ್ದವರು ಎಸ್.ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು, 1933ರಲ್ಲಿ ಮೊದಲು ಪ್ರಕಟಿಸಿ ಬಳಿಕ ಪರಿಷ್ಕರಿಸುತ್ತ ಬಂದ ಕೋಲನ್ ವರ್ಗೀಕರಣದಲ್ಲಿ ಒಂದು ವಿಷಯವನ್ನು ಒಂದೇ ಪೆಟ್ಟಿಗೆಗೆ ತುರುಕದೆ, ವ್ಯಕ್ತಿ, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಮುಖಗಳಾಗಿ ಬಿಡಿಸಿ ಮತ್ತೆ ಪೋಣಿಸುವ ಮಾರ್ಗವನ್ನು ತೋರಿಸಿದರು. ಬಾಳಿನ ಕಡೆಯ ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ; 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದುದೂ ಇಲ್ಲಿಯೇ. ಮದ್ದು, ಗೇರು, ಮಗು, ಕೊಕ್ಕಡ, 1990ರ ದಶಕ: ರಂಗನಾಥನ್‌ರ ದೃಷ್ಟಿಯಿಂದ ನೋಡಿದರೆ ಇದು ಆರು ಕಪಾಟುಗಳ ವಿಷಯವಲ್ಲ, ಐದು ಮುಖಗಳುಳ್ಳ ಒಂದೇ ವಿಷಯ. ಪುಸ್ತಕಗಳನ್ನು ಸ್ಥಳಾಂತರಿಸಬೇಕಾಗಿಲ್ಲ, ಸೂಚಿಯಲ್ಲಿ ಅವುಗಳನ್ನು ಬೆಸೆಯುವ ನಮೂದುಗಳನ್ನು ಬರೆಯಬೇಕು, ಅಷ್ಟೆ. ಅವರು ಬಾಳಿದ ಊರಿನ ಗ್ರಂಥಾಲಯಗಳಲ್ಲಿಯಾದರೂ ಈ ಕೆಲಸ ಎಷ್ಟು ಕಡೆ ನಡೆಯುತ್ತಿದೆಯೆಂಬುದನ್ನು ಓದುಗರು ತಮ್ಮ ಸಮೀಪದ ಶಾಖೆಯ ಗಣಕಯಂತ್ರದಲ್ಲಿ ಒಂದು ಪದವನ್ನು ಕೊಟ್ಟು ಪರೀಕ್ಷಿಸಿಕೊಳ್ಳಬಹುದು.

ಆದರೆ ಸೂಚಿಯ ತೊಡಕಿಗಿಂತ ದೊಡ್ಡ ತೊಡಕು ಬೇರೊಂದುಂಟು. ಈ ವಿಷಯಕ್ಕೆ ಸಂಬಂಧಿಸಿದ ಅತ್ಯಂತ ಬೆಲೆಯುಳ್ಳ ಕಾಗದಗಳು ಪುಸ್ತಕಗಳೇ ಅಲ್ಲ. ಯುನೆಸ್ಕೊ 1964ರಲ್ಲಿ ಅಂಕಿ-ಅಂಶಗಳ ಸೌಕರ್ಯಕ್ಕೆಂದು ಮಾಡಿದ ನಿರೂಪಣೆಯ ಪ್ರಕಾರ ಹೊದಿಕೆಯನ್ನು ಬಿಟ್ಟು ಕನಿಷ್ಠ 49 ಪುಟಗಳಿದ್ದರೆ ಮಾತ್ರ ಅದು ಪುಸ್ತಕ. ಸತ್ಯಶೋಧನ ಸಮಿತಿಯೊಂದು ಹಳ್ಳಿಗೆ ಹೋಗಿ, ಸಂತ್ರಸ್ತರೊಡನೆ ಕುಳಿತು ಬರೆದು, ಚಂದಾ ಎತ್ತಿ ಅಚ್ಚುಮಾಡಿಸುವ ವರದಿಗೆ ಇರುವುದು ಬಹುಶಃ 32 ಪುಟ. ಅದಕ್ಕೆ ಐಎಸ್‌ಬಿಎನ್ ಇಲ್ಲ, ವಿತರಕನಿಲ್ಲ, ಕೆಲವೊಮ್ಮೆ ಬೆಲೆಯೂ ಇಲ್ಲ. ಬೆಲೆಯಿಲ್ಲದ ವಸ್ತುವನ್ನು ಕೊಳ್ಳುವ ವಿಧಾನ ನಮ್ಮ ಸಗಟು ಖರೀದಿ ಯೋಜನೆಗೆ ತಿಳಿಯದು! ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕವು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯವನ್ನು ಕುರಿತು 2001ರಲ್ಲಿಯೂ, ಬೆಂಗಳೂರಿನ ಲಿಂಗಪರಿವರ್ತಿತರ ಸ್ಥಿತಿಯನ್ನು ಕುರಿತು 2003ರಲ್ಲಿಯೂ ಪ್ರಕಟಿಸಿದ ವರದಿಗಳು, ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆ ಸಮುದಾಯದ ಹಕ್ಕುಗಳನ್ನು ಮನ್ನಿಸುವುದಕ್ಕೆ ಒಂದು ದಶಕಕ್ಕೂ ಮುಂಚಿನವು. ಇಂಥ ವರದಿಗಳನ್ನು ಎಷ್ಟು ಜಿಲ್ಲಾ ಗ್ರಂಥಾಲಯಗಳು ಕೊಂಡಿರಬಹುದು? ಕೇಂದ್ರ ಸರ್ಕಾರದ 1954ರ ಗ್ರಂಥ ಸಮರ್ಪಣ ಕಾಯಿದೆಯ ಮೇರೆಗೆ ಪ್ರಕಾಶಕರು ಪ್ರತಿಗಳನ್ನು ಕಳುಹಿಸಬೇಕಾದುದು ಕಲ್ಕತ್ತ, ಮದರಾಸು, ಮುಂಬಯಿ, ದೆಹಲಿಗಳ ಗ್ರಂಥಾಲಯಗಳಿಗೆ. ಬೀದಿಯಲ್ಲಿ ಹಂಚಿದ ಕರಪತ್ರವು ಅಲ್ಲಿಗೂ ಹೋಗುವುದಿಲ್ಲ, ಇಲ್ಲಿಯೂ ಉಳಿಯುವುದಿಲ್ಲ.

ಶುಷ್ಕವಾದ ಕಚೇರಿಕಾಗದವು ಹಕ್ಕಿನ ಸಾಕ್ಷಿಯಾಗುವ ಬಗೆಯನ್ನು ಗ್ವಾಟೆಮಾಲಾ ದೇಶದವರು ಲೋಕಕ್ಕೆ ತೋರಿಸಿಕೊಟ್ಟಿದ್ದಾರೆ. 2005ರ ಜುಲೈಯಲ್ಲಿ ಅಲ್ಲಿಯ ರಾಜಧಾನಿಯ ಒಂದು ಪಾಳು ಕಟ್ಟಡದಲ್ಲಿ, ಬಾವಲಿ ಇಲಿಗಳ ನಡುವೆ, ಹಳೆಯ ರಾಷ್ಟ್ರೀಯ ಪೊಲೀಸ್ ಪಡೆಯ ಸುಮಾರು 8 ಕೋಟಿ ಪುಟಗಳ ಕಡತಗಳು ದೊರೆತವು. ಅಂತರ್ಯುದ್ಧದ ಕಾಲದಲ್ಲಿ ಕಣ್ಮರೆಯಾದವರ ವಿಷಯ ತಮಗೆ ತಿಳಿಯದೆಂದು ಅಧಿಕಾರಿಗಳು ಅದುವರೆಗೂ ಹೇಳುತ್ತಿದ್ದರು. 1984ರ ಫೆಬ್ರವರಿಯಲ್ಲಿ ಕಣ್ಮರೆಯಾದ ಫರ್ನಾಂಡೊ ಗಾರ್ಸಿಯಾ ಎಂಬ ಕಾರ್ಮಿಕ ಮುಖಂಡನ ಸಂಗತಿ ಹೊರಬಂದುದು ಹಿಂಸೆಯ ಯಾವ ವರ್ಣನೆಯಿಂದಲೂ ಅಲ್ಲ. ಅದೇ ದಿನ ಅದೇ ಸ್ಥಳದಲ್ಲಿ ನಡೆದ ಕಾರ್ಯಾಚರಣೆಗಾಗಿ ನಾಲ್ವರು ಪೊಲೀಸರಿಗೆ ಪದಕ ಕೊಡಬೇಕೆಂದು ಮೇಲಧಿಕಾರಿ ಬರೆದಿದ್ದ ಶಿಫಾರಸುಪತ್ರದಿಂದ. 2010ರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಇಷ್ಟು ಕಾಗದವನ್ನು ಪುಟಪುಟವಾಗಿ ಓದುವುದು ಒಂದು ಜನ್ಮದ ಕೆಲಸವಲ್ಲವಾದುದರಿಂದ, ಸಂಖ್ಯಾಶಾಸ್ತ್ರಜ್ಞರು ರಾಶಿಯಿಂದ ಮಾದರಿಗಳನ್ನು ಆಯುವ ಕ್ರಮವನ್ನು ಹಾಕಿಕೊಟ್ಟರು. ದಾಖಲೆಶಾಸ್ತ್ರದವರು ಯಾವ ಕಚೇರಿಯ ಕಾಗದ ಯಾವ ಕಚೇರಿಗೆ ಹೋಗುತ್ತಿತ್ತೆಂಬುದನ್ನು ಬಿಡಿಸಿದರು. ಅದಾದ ಮೇಲೆಯೇ ವಕೀಲರ ಪ್ರವೇಶ.

ಪುನಃ ನಮ್ಮ ಕರಾವಳಿಗೆ ಬರೋಣ. ಮಾನವ ಹಕ್ಕುಗಳ ಸಂಗ್ರಹವೆಂದರೆ ಪೀಡಿತರ ಪರವಾದ ಬರವಣಿಗೆಯ ಸಂಗ್ರಹವೆಂದು ಕೆಲವು ಸಜ್ಜನರು ಭಾವಿಸಿರುವುದುಂಟು. ಅದು ಸರ್ವಥಾ ಸರಿಯಲ್ಲ. ಎಂಡೋಸಲ್ಫಾನಿನ ವಿಷಯದಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ ನಿಯೋಜಿಸಿದ ಪ್ರಯೋಗಶಾಲೆಯೊಂದು ಜನರ ರಕ್ತದಲ್ಲಿ ವಿಷಶೇಷವೇ ಇಲ್ಲವೆಂದಿತು. ಕೇಂದ್ರ ಸರ್ಕಾರದ ದುಬೆ ಸಮಿತಿಯು 2003ರಲ್ಲಿ ರೋಗಗಳಿಗೂ ಮದ್ದಿಗೂ ಸಂಬಂಧವು ಸಿದ್ಧವಾಗಿಲ್ಲವೆಂದಿತು. ಈ ವರದಿಗಳು ಅಹಮದಾಬಾದಿನ ತಜ್ಞರ ವರದಿಯ ಪಕ್ಕದಲ್ಲಿಯೇ ನಿಲ್ಲತಕ್ಕವು. ಏಕೆಂದರೆ ಸರ್ಕಾರವು ಏಕೆ ಇಷ್ಟು ವರ್ಷ ಮೀನಮೇಷ ಎಣಿಸಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಅವುಗಳಲ್ಲಿಯೇ. ಮಾದರಿಯನ್ನು ಎಲ್ಲಿಂದ, ಸಿಂಪಡಣೆಯಾದ ಎಷ್ಟು ದಿನಗಳ ಮೇಲೆ, ಯಾವ ಯಂತ್ರದಿಂದ ಪರೀಕ್ಷಿಸಿದರೆಂಬುದನ್ನು ಎರಡನ್ನೂ ಎದುರಿಗಿಟ್ಟುಕೊಂಡು ಓದಿದವನು, ವಿಜ್ಞಾನದ ಹೆಸರಿನಲ್ಲಿ ಬರುವ ವಾಕ್ಯವನ್ನು ಪ್ರಶ್ನಿಸುವುದನ್ನು ಕಲಿಯುತ್ತಾನೆ. ಒಂದೇ ಪಕ್ಷದ ಕಪಾಟು ಭಕ್ತರನ್ನು ಮಾಡೀತು, ವಿದ್ವಾಂಸರನ್ನು ಮಾಡಲಾರದು.

ಭಾಷೆಯ ತೊಡಕೂ ಸಣ್ಣದಲ್ಲ. ಪಡ್ರೆ ಸೇರಿರುವ ಎಣ್ಮಕಜೆ ಪಂಚಾಯಿತಿಯ ಮನೆಗಳೊಳಗಿನ ಮಾತು ತುಳು ಅಥವಾ ಕನ್ನಡ ಅಥವಾ ಹವ್ಯಕ ಕನ್ನಡ. ಪಂಚಾಯಿತಿಯ ಪತ್ರವ್ಯವಹಾರ ಬಹುಮಟ್ಟಿಗೆ ಮಲಯಾಳ. ಪ್ರಯೋಗಶಾಲೆಯ ವರದಿಯೂ ನ್ಯಾಯಾಲಯದ ಆಜ್ಞೆಯೂ ಇಂಗ್ಲಿಷ್. 1956ಕ್ಕೆ ಮುಂಚಿನ ಭೂದಾಖಲೆಗಳನ್ನು ಹುಡುಕುವವನು, ಆ ಪ್ರದೇಶವು ಮದರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದುದರಿಂದ, ಚೆನ್ನೈವರೆಗೂ ಹೋಗಬೇಕಾದೀತು. ಕರ್ನಾಟಕದೊಳಗಿನ ಹಲವು ಭಾಗಗಳ ಹಣೆಯಬರಹವೂ ಇದೇ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲವನ್ನು ಸುರಿದುಕೊಂಡು ಪ್ರತಿಭಟಿಸಿದಾಗ ನಾಡು ತಲ್ಲಣಿಸಿತು. ಆದರೆ ಆ ಸಮುದಾಯದ ಮೇಲೆ ಹೇರಿದ ಮಲಹೊರುವ ವೃತ್ತಿಯ ಪೂರ್ವಚರಿತ್ರೆಯನ್ನು ತಿಳಿಯಬೇಕೆಂದವನು, ಧಾರವಾಡ ಸೀಮೆಯು ಮುಂಬಯಿ ರಾಜ್ಯದಲ್ಲಿದ್ದಾಗ 1949ರಲ್ಲಿ ಆ ಸರ್ಕಾರವು ನೇಮಿಸಿದ ಬರ್ವೆ ಸಮಿತಿಯ ವರದಿಯನ್ನು ಕಾಣಬೇಕು. ಏಕೀಕರಣದ ಬಳಿಕದ ಪುರಸಭೆಗಳ ನೌಕರರಿಗಾದರೆ ಐ.ಪಿ.ಡಿ. ಸಾಲಪ್ಪ ವರದಿ. ಕನ್ನಡನಾಡು ಒಂದಾಗಿ ಎಪ್ಪತ್ತು ವರ್ಷಗಳಾಗುತ್ತ ಬಂದರೂ ಕನ್ನಡಿಗರ ದುಃಖದ ಕಾಗದಗಳು ಇನ್ನೂ ಏಕೀಕರಣಗೊಂಡಿಲ್ಲ.

ಇಷ್ಟೆಲ್ಲ ಸಂಗ್ರಹಿಸಬೇಕೆಂದಾಗ ಎಚ್ಚರದ ಮಾತೊಂದನ್ನೂ ಆಡಬೇಕು. ವೈದ್ಯರ ನೋಂದಣಿ ಪುಸ್ತಕದಲ್ಲಿ ರೋಗಿಯ ಹೆಸರಿದೆ, ಮನೆಯಿದೆ, ಕಾಯಿಲೆಯಿದೆ. ಎಂಡೋಪೀಡಿತ ಕುಟುಂಬವೆಂದು ಊರೆಲ್ಲ ತಿಳಿದರೆ ಆ ಮನೆಯ ಆರೋಗ್ಯವಂತ ಹುಡುಗಿಗೂ ಸಂಬಂಧ ಕೂಡಿಬರುವುದು ಕಷ್ಟವಾಗುವ ಸಮಾಜ ನಮ್ಮದು. ಹಕ್ಕುಗಳ ಅಧ್ಯಯನಕ್ಕೆಂದು ಕೂಡಿಸಿದ ಸಂಗ್ರಹವೇ ಒಬ್ಬಳ ಹಕ್ಕನ್ನು ಮುರಿಯಬಾರದಷ್ಟೆ? ಹೆಸರುಗಳನ್ನು ಮರೆಮಾಡಿದ ಪ್ರತಿಯನ್ನು ಓದುಗರಿಗೆ ಕೊಟ್ಟು ಮೂಲವನ್ನು ಮುದ್ರೆಯಿಟ್ಟು ಕಾಪಾಡುವುದು, ಹೇಳಿಕೆ ಕೊಟ್ಟವರನ್ನೇ ಕೇಳಿ ಅವಧಿಯನ್ನು ನಿರ್ಣಯಿಸುವುದು, ಇವು ಗ್ರಂಥಪಾಲಕನ ಕರ್ತವ್ಯದೊಳಗೆ ಸೇರುತ್ತವೆ.

ಹಣವೆಲ್ಲಿಂದ ಎಂದು ಕೇಳುವಿರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವನ್ನು ಈ ರಾಜ್ಯದ ಗೃಹಸ್ಥರು ಅರ್ಧ ಶತಮಾನಕ್ಕೂ ಮೀರಿ ಕೊಡುತ್ತ ಬಂದಿದ್ದಾರೆ. ಅದು ಸ್ಥಳೀಯ ಸಂಸ್ಥೆಗಳ ಬೊಕ್ಕಸದಿಂದ ಗ್ರಂಥಾಲಯದ ಬೊಕ್ಕಸಕ್ಕೆ ನಡೆದುಕೊಂಡು ಬರುವ ವೇಗವನ್ನು ಕುರಿತು ಬೇರೆ ಲೇಖನವನ್ನೇ ಬರೆಯಬಹುದು. ನಾನು ಕೇಳುತ್ತಿರುವುದು ಕಟ್ಟಡವನ್ನಲ್ಲ. ಪ್ರತಿಯೊಂದು ಜಿಲ್ಲಾ ಕೇಂದ್ರ ಗ್ರಂಥಾಲಯವೂ ತನ್ನ ಜಿಲ್ಲೆಯ ಒಂದೇ ಒಂದು ಪ್ರಕರಣವನ್ನು ಆರಿಸಿಕೊಳ್ಳಲಿ: ಬೆಳಗಾವಿಯದು 1982ರ ಕಾಯಿದೆಯ ಹಿಂದುಮುಂದಿನ ದೇವದಾಸಿ ಪದ್ಧತಿ, ಬಳ್ಳಾರಿಯದು ಗಣಿ, ಮಂಗಳೂರಿನದು ಈ ಮದ್ದು. ಆಯ್ಕೆಯ ಸಮಿತಿಯಲ್ಲಿ ಸಾಹಿತಿಗಳ ಜೊತೆಗೆ ಒಬ್ಬ ವೈದ್ಯ, ಒಬ್ಬ ವಕೀಲ, ಒಬ್ಬ ಕೃಷಿವಿಜ್ಞಾನಿ, ಸಂತ್ರಸ್ತ ಕುಟುಂಬದ ಒಬ್ಬ ತಾಯಿ ಕೂಡಲಿ. ಪ್ರತಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಹೋಗಲಿ. ಕೊಕ್ಕಡದವರು ತಮ್ಮ ಕಥೆಯನ್ನು ಓದಲು ಮಂಗಳೂರಿಗೆ ಬಸ್ಸು ಹತ್ತಬೇಕಾಗಬಾರದು.

ಕಾಲ ಮಾತ್ರ ಕಾಯುವುದಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಕಡತಗಳಿಗೆ ವರ್ಗವುಂಟು, ವರ್ಗಕ್ಕೆ ತಕ್ಕ ಆಯುಸ್ಸುಂಟು. ಶಾಶ್ವತವಾಗಿ ಇಡತಕ್ಕವು ಕೆಲವೇ, ಉಳಿದವು ಅವಧಿ ಮುಗಿದೊಡನೆ ವಿಲೇವಾರಿಗೆ ಸಲ್ಲುತ್ತವೆ. ಮದ್ದನ್ನು ಕೊಂಡ ಬಿಲ್ಲುಗಳು, ಹೆಲಿಕಾಪ್ಟರ್ ಎಂದು ಎಷ್ಟು ಗಂಟೆಗೆ ಯಾವ ತೋಪಿನ ಮೇಲೆ ಹಾರಿತೆಂಬ ದಿನಚರಿ, ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಊರಿಗೆ ಕೊಟ್ಟ ಸೂಚನೆಗಳು (ಕೊಟ್ಟಿದ್ದರೆ), ತೋಪಿನ ಕೂಲಿಯವರ ಹಾಜರಿ ಪುಸ್ತಕಗಳು, ಇವು ಯಾವ ಕಚೇರಿಯ ಲೆಕ್ಕದಲ್ಲಿಯೂ ಶಾಶ್ವತದ ವರ್ಗಕ್ಕೆ ಸೇರತಕ್ಕವಲ್ಲ. ಸಿಂಪಡಣೆ ನಿಂತು ಕಾಲು ಶತಮಾನವಾಯಿತು. ಅವುಗಳಲ್ಲಿ ಉಳಿದಿರುವುದೆಷ್ಟು ಎಂಬ ಪಟ್ಟಿಯನ್ನು ಮಾಡಿಸಿ, ಉಳಿದುದನ್ನು ಗ್ರಂಥಾಲಯದ ವಶಕ್ಕೆ ಕೊಡುವವರೆಗೆ ಯಾವ ವಿಲೇವಾರಿಯೂ ಕೂಡದೆಂದು ಗೇರು ಅಭಿವೃದ್ಧಿ ನಿಗಮಕ್ಕೆ ಸರ್ಕಾರವು ಒಂದು ಸುತ್ತೋಲೆಯನ್ನು ಹೊರಡಿಸಬೇಕು. ಅದಕ್ಕೆ ಬೇಕಾದುದು ಒಂದು ಹಾಳೆ ಕಾಗದ ಮತ್ತು ಒಬ್ಬ ಕಾರ್ಯದರ್ಶಿಯ ರುಜು.